ಯಾರ ಮನೆಗೂ ಬರದ ಪ್ರಾಣಿಗಳು

ನಮ್ಮೂರಿಗೆ ಪ್ರಾಣಿ ಬಂತೆಂದರೆ ಅದು ಯಾರಿಗಾದರೂ ಬಂದಿರುತ್ತದೆ. ನಮ್ಮ ಮಾವನವರಿಗೆ ಒಂದು ಮುದಿ ಎಮ್ಮೆ ಬಂದಿತ್ತು, ಅತ್ತೆಗೆ ಪಾರಿವಾಳ. ಗರಡಿಮನೆಯ ನೇಮಣ್ಣ ಎದೆಯ ಮೇಲೆ ಬಂಡೆ ಒಡೆಸಿಕೊಳ್ಳುತ್ತಿದ್ದ ಆಳು, ಅವನಿಗೆ ಬಂದದ್ದು ಒಂದು ಕೋಳಿ. ಪ್ರಾಣಿ ಸೇತುವೆ ದಾಟಿದ ಸುದ್ದಿ ಸಿಕ್ಕಿದ ಕೂಡಲೇ ಎಲ್ಲರೂ ಬಾಗಿಲ ಮುಂದೆ ಒಂದೊಂದು ಬೋಗುಣಿ ನೀರು ಇಡುತ್ತೇವೆ. ಅದು ಬೀದಿ ಬೀದಿ ಸುತ್ತಿ, ಎಲ್ಲ ಬೋಗುಣಿಯನ್ನೂ ಮೂಸಿ, ಕೊನೆಗೆ ಯಾವ ಮನೆಯದಕ್ಕೆ ಬಾಯಿ ಹಾಕುತ್ತದೋ ಆ ಮನೆಯೊಳಗೆ ಹೋಗಿ ಒಬ್ಬರ ಕಾಲ ಬಳಿ ಮಲಗುತ್ತದೆ. ಅದು ಎದ್ದು ಹೊರಟ ದಿನ ಆ ಮನೆಯಲ್ಲಿ ಒಬ್ಬರು ಇರುವುದಿಲ್ಲ. ಓಡಿಸಬಾರದು, ಹೊಡೆಯಬಾರದು, ಯಾರಿಗೆ ಬಂತು ಎಂದು ಬಾಯಿಬಿಟ್ಟು ಕೇಳಬಾರದು. ಇಷ್ಟು ಬಿಟ್ಟರೆ ನಮ್ಮದೂ ಎಲ್ಲ ಊರಿನಂಥದೇ ಒಂದು ಊರು.

ಬೇರೆ ಹೊತ್ತಿನಲ್ಲಿ ಒಂದು ಇರುವೆಯೂ ಇಲ್ಲ. ಸಕ್ಕರೆ ಡಬ್ಬಿಯ ಮುಚ್ಚಳ ತೆಗೆದಿಟ್ಟರೂ ಚಿಂತೆಯಿಲ್ಲ. ಹೊರಗಿನಿಂದ ಬಂದ ನೆಂಟರು ಸೊಳ್ಳೆ ಪರದೆ ಬೇಡವೆಂದು ಖುಷಿಪಡುತ್ತಾರೆ. ಹಾಲು ಸೇತುವೆಯ ಆಚೆಯಿಂದ ಕ್ಯಾನಿನಲ್ಲಿ ಬರುತ್ತದೆ. ಜೇನಿಲ್ಲ, ದುಂಬಿಯಿಲ್ಲ ಎಂದ ಮೇಲೆ ಕುಂಬಳ, ಹೀರೆ ಕಾಯಿ ಕಟ್ಟುವುದಾದರೂ ಹೇಗೆ? ಬೆಳಗಾಗೆದ್ದು ನಾವೇ ಗಂಡು ಹೂವು ಕಿತ್ತು ಹೆಣ್ಣು ಹೂವಿನ ಎದೆಗೆ ಸವರಬೇಕು. ನನ್ನ ಸಂಪಾದನೆಯೇ ಅದು. ನಮ್ಮ ಬೀದಿಯ ಅಷ್ಟೂ ಹಿತ್ತಲಿನ ಬಳ್ಳಿಗಳಿಗೆ ನಾನೇ ದುಂಬಿ.

ಇಂಥ ಊರಿನ ಶಾಲೆಯಲ್ಲಿ ನಮ್ಮ ಯಜಮಾನರು ಪ್ರಾಣಿಗಳ ಪಾಠ ಮಾಡುವ ಮೇಷ್ಟ್ರು. ನಗಬೇಡಿ. ಹೆಸರು ಧರಣೇಂದ್ರಯ್ಯ, ಊರವರ ಬಾಯಲ್ಲಿ ಪ್ರಾಣಿ ಮೇಷ್ಟ್ರು. ಗೋಡೆಗೆ ಚಿತ್ರಪಟ ನೇತುಹಾಕಿ, ಸಿಂಹ ಹೀಗೆ ಆಕಳಿಸುತ್ತದೆ, ಜಿರಾಫೆ ನೀರು ಕುಡಿಯುವಾಗ ಮುಂಗಾಲು ಹೀಗೆ ಅಗಲಿಸುತ್ತದೆ ಎಂದು ಪಂಚೆ ಎತ್ತಿಕಟ್ಟಿ ತಾವೇ ಕಾಲು ಅಗಲಿಸಿ ನಿಲ್ಲುವರು. ಹುಡುಗರು ಬಿದ್ದು ಬಿದ್ದು ನಗುವರು. ಮನೆಗೆ ಬಂದರೂ ಅದೇ ಪುರಾಣ. "ಸುನಂದಾ, ಜಿರಾಫೆಗೂ ಕತ್ತಿನಲ್ಲಿ ಏಳೇ ಮೂಳೆ, ನಿನಗೂ ಏಳೇ ಮೂಳೆ ಕಣೇ" ಎನ್ನುವರು. "ಆಯ್ತು, ಮೊದಲು ಕೈಕಾಲು ತೊಳ್ಕೊಂಡು ಊಟಕ್ಕೆ ಬನ್ನಿ" ಎನ್ನುತ್ತಿದ್ದೆ. ಇವರು ಹುಟ್ಟಿದಂದಿನಿಂದ ಕಣ್ಣಾರೆ ಕಂಡ ಪ್ರಾಣಿಗಳನ್ನು ಕೈಬೆರಳಲ್ಲಿ ಎಣಿಸಬಹುದಿತ್ತು, ಅವೂ ಎಲ್ಲ ಸಾವಿನ ಮನೆಯವು.

ನಮಗೆ ಎರಡು ಮಕ್ಕಳು. ದೊಡ್ಡವಳು ಸುಪ್ರಭಾ, ಪಿಯುಸಿ. ಎರಡನೆಯವನು ಜಯಕೀರ್ತಿ, ಆಗತಾನೆ ಗಂಟಲು ಒಡೆದು, ಮಾತಾಡಿದರೆ ಅರ್ಧ ಗಂಡಸು ಅರ್ಧ ಹುಡುಗ. ಅವನ ತಾತನಿಗೆ ಎಮ್ಮೆ ಬಂದಾಗ ಚಿಕ್ಕವನು. ಅಟ್ಟ ಹತ್ತಿ ಕೂತವನು ಎಮ್ಮೆ ಹೋಗುವ ತನಕ ಇಳಿದಿರಲಿಲ್ಲ. ಆಮೇಲಿಂದ ಪಾಠದ ಪುಸ್ತಕದಲ್ಲಿ ಹಸುವಿನ ಚಿತ್ರ ಬಂದರೂ ಅದರ ಮೇಲೆ ಕಾಗದ ಅಂಟಿಸಿಬಿಡುತ್ತಿದ್ದ. ಪ್ರಾಣಿ ಮೇಷ್ಟ್ರ ಮಗ!

ಇವರಿಗೆ ಅದೇ ಕೊರಗು. ಒಂದು ಸಂಜೆ ನಾನು ಹೀರೇಕಾಯಿ ಹೆರೆಯುತ್ತ ಕೂತಿದ್ದಾಗ ಪಕ್ಕದಲ್ಲಿ ಬಂದು ಕೂತು, "ಆಫ್ರಿಕಾಕ್ಕೆ ಹೋಗೋಣ ಕಣೇ, ಸಫಾರಿಗೆ, ನಾಲ್ಕೂ ಜನ" ಎಂದರು. ನಾನು ಚಾಕು ಕೆಳಗಿಟ್ಟೆ. "ನಾಳೆ ಮಕ್ಕಳು ಓದಕ್ಕೆ ಅಂತ ಹೊರಗೆ ಹೋಗ್ತಾರೆ. ಅಲ್ಲಿ ಬೀದೀಲೆಲ್ಲ ನಾಯಿ ಮಲಗಿರ್ತವೆ. ನಾಯಿ ಕಂಡ್ರೆ ಯಾರೋ ಸತ್ರು ಅಂತ ಕೂತು ಅಳೋ ಹುಡುಗನ್ನ ಎಲ್ಲಿಗೆ ಅಂತ ಕಳಿಸ್ಲಿ?" ಎಂದರು. "ಹಾಗಾದ್ರೆ ಸೇತುವೆ ಆಚೆ ಕರ್ಕೊಂಡು ಹೋಗಿ ಒಂದು ನಾಯಿ ತೋರಿಸ್ಕೊಂಡು ಬನ್ನಿ. ಅದಕ್ಕೆ ಆಫ್ರಿಕಾ ಯಾಕೆ?" ಎಂದೆ. ಅವರು ತಲೆ ಆಡಿಸಿದರು. "ಒಂದು ನಾಯಿ ಕಂಡ್ರೆ ಇದು ನಮಗೇ ಬಂತು ಅಂತಾನೆ. ಅಲ್ಲಿ ಲಕ್ಷ ಪ್ರಾಣಿ ಒಟ್ಟಿಗೆ ಹೋಗ್ತಿರ್ತವೆ. ಲಕ್ಷಾನೂ ನಮಗೇ ಬಂತು ಅನ್ನಕ್ಕಾಗುತ್ತೇನೇ?" ಅವರು ಪೂರಾ ಯೋಚನೆ ಮಾಡಿಕೊಂಡೇ ಬಂದಿದ್ದರು.

ನನ್ನ ಅತ್ತಿಗೆ ಅಂಬುಜಕ್ಕ, ಇವರಿಗೆ ಅಕ್ಕ, ಎದುರುಮನೆಯವರು. ಸುದ್ದಿ ಕೇಳಿ ಸೌಟು ಹಿಡಿದುಕೊಂಡೇ ಓಡಿ ಬಂದರು. "ಅಯ್ಯೋ ಶಿವನೇ! ಮನೆ ಬಾಗಿಲಿಗೆ ಬರೋದಕ್ಕೇ ಹೆದರ್ಕೊಂಡು ಸಾಯ್ತೀವಿ. ನೀವು ದುಡ್ಡು ಕೊಟ್ಟು ಅವುಗಳ ಮನೆ ಬಾಗಿಲಿಗೆ ಹೋಗ್ತೀರಾ? ತಲೆಗಿಲೆ ಕೆಟ್ಟಿದೆಯಾ ನಿಮಗೆ?" ಪ್ರವಾಸದ ಕಂಪನಿಯ ಹುಡುಗ ಫೋನಿನಲ್ಲಿ ಏನೂ ಅರಿಯದೆ, "ಮೇಡಂ, ನಮ್ಮಲ್ಲಿ ಪ್ರಾಣಿ ಗ್ಯಾರಂಟಿ. ಬೆಳಗ್ಗೆ ಒಂದು ಸುತ್ತು, ಸಾಯಂಕಾಲ ಒಂದು ಸುತ್ತು, ಎರಡೂ ಹೊತ್ತು ನೋಡಬಹುದು" ಎಂದ. ಅಂಬುಜಕ್ಕ ಅದನ್ನು ಕೇಳಿಸಿಕೊಂಡು ಅಲ್ಲೇ ಕುಸಿದು ಕೂತರು.

ಆದರೂ ಆ ದಿನಗಳು ಚೆನ್ನಾಗಿದ್ದವು, ಸುಳ್ಳೇಕೆ ಹೇಳಲಿ. ಊಟವಾದ ಮೇಲೆ ತಟ್ಟೆ ಎತ್ತದೆ ನಾಲ್ಕೂ ಜನ ಕೂತು ಜಗಳವಾಡುತ್ತಿದ್ದೆವು. ಸುಪ್ರಭಾಗೆ ಬಲೂನಿನಲ್ಲಿ ಹಾರುತ್ತ ಮೇಲಿಂದ ನೋಡಬೇಕಂತೆ, ತಲೆಗೊಂದು ಅಗಲ ಟೋಪಿ ಬೇಕಂತೆ. ಇವರಿಗೆ ವೈಲ್ಡ್‌ಬೀಸ್ಟ್ ಎಂಬ ಕಾಡುದನಗಳ ಹಿಂಡು ಹೊಳೆ ದಾಟುವುದನ್ನು ನೋಡಬೇಕು. ನನಗೆ ಬೇಕಾಗಿದ್ದದ್ದು ಒಂದೇ, ಒಳಗಿನಿಂದ ಚಿಲಕ ಇರುವ ಕೋಣೆ. ಕೀರ್ತಿ ಮೊದಲು ಕಿವಿಗೇ ಹಾಕಿಕೊಳ್ಳಲಿಲ್ಲ. ಆಮೇಲೆ ಜೀಪಿನ ವಿಚಾರ ಎತ್ತಿದ. ಅದಕ್ಕೆ ಗಾಜು ಇದೆಯಾ, ಇಲ್ಲವಾ? ಸುತ್ತ ತೆರೆದೇ ಇರುತ್ತದೆ ಎಂದರೆ ತಾನು ನಡುವಿನ ಸೀಟಿನಲ್ಲಿ ಕೂರುತ್ತೇನೆ, ಒಂದು ಕಡೆ ಅಪ್ಪ ಇನ್ನೊಂದು ಕಡೆ ಅಮ್ಮ. "ಮಡಿಲಲ್ಲೇ ಕೂತ್ಕೋ ಪಾಪು" ಎಂದು ಅಕ್ಕ ರೇಗಿಸಿದಳು. ಅವನು ಅವಳ ಜಡೆ ಹಿಡಿದು ಎಳೆದ. ಗಾಜು ಇಲ್ಲವೆಂದು ತಿಳಿದ ಮೇಲೂ ಬರುವುದಿಲ್ಲ ಎನ್ನಲಿಲ್ಲವಲ್ಲ ಎಂದು ಇವರು ನನ್ನ ಕಡೆ ನೋಡಿ ಹುಬ್ಬು ಹಾರಿಸಿದರು.

ಹಜಾರದಲ್ಲಿ ಬೆಂಚು ಹಾಕಿ ಅಭ್ಯಾಸವೂ ಆಯಿತು. ಬೆಂಚೇ ಜೀಪು. ಮಕ್ಕಳಿಬ್ಬರೂ ಕದಲದೆ ಕೂರಬೇಕು, ಎದ್ದು ನಿಲ್ಲಬಾರದು, ಕಿರುಚಬಾರದು, ಉಸಿರು ಸಾವಕಾಶ ಬಿಡಬೇಕು. ಇವರು ಸಿಂಹ. ಮೊಣಕಾಲಿನ ಮೇಲೆ ಅಂಬೆಗಾಲಿಡುತ್ತ ಬಂದು ಕೀರ್ತಿಯ ಪಾದ ಮೂಸಿದರೆ ಅವನು ಕಚಗುಳಿಗೆ ಹೊಯ್ ಎಂದು ಕಾಲು ಮೇಲೆತ್ತಿದ. "ಮುಗೀತು, ತಿಂದ್ಬಿಡ್ತು ನಿನ್ನ" ಎಂದು ಇವರು ನಕ್ಕರು. ನಕ್ಕವರು ನೆಲ ಹಿಡಿದು ಕೂತು ದಮ್ಮು ತೆಗೆದುಕೊಳ್ಳತೊಡಗಿದರು. ತುಟಿ ನೀಲಿಯಾಗಿತ್ತು. "ವಯಸ್ಸಾದ ಸಿಂಹ" ಎಂದು ಹಾರಿಸಿಬಿಟ್ಟರು. ಮಕ್ಕಳು ನಂಬಿದರು. ನಾನು ನಂಬಲಿಲ್ಲ.

ಅದಾಗಿ ಸ್ವಲ್ಪ ದಿನಕ್ಕೇ ಮೇಕೆ ಸೇತುವೆ ದಾಟಿತು. ಕಂದು ಬಣ್ಣದ್ದು, ಜೋಲು ಕಿವಿ, ಒಂದು ಕೊಂಬು ಮೊಂಡು. ಬೀದಿಯಲ್ಲಿ ಬೋಗುಣಿಗಳ ಸದ್ದು ಶುರುವಾಯಿತು. ನಾನು ಇಡಲಿಲ್ಲ. ಯಾಕೆ ಇಡಬೇಕು? ಯಾರಿಗೆ ಬಂದದ್ದೆಂದು ನನಗೆ ಗೊತ್ತಿತ್ತು, ನೆಲ ಹಿಡಿದು ಕೂತ ಆ ಮುಖ ನೋಡಿದಾಗಲೇ ಗೊತ್ತಾಗಿತ್ತು. ಕುಡಿದರೆ ತಾನೆ ಬಂದ ಹಾಗೆ? ಕುಡಿಯಲು ನೀರೇ ಇಲ್ಲದಿದ್ದರೆ? ಅಷ್ಟರೊಳಗೆ ಹೊರಟುಬಿಟ್ಟರೆ, ಅಲ್ಲಿ ಆ ಲಕ್ಷ ಪ್ರಾಣಿಗಳ ನಡುವೆ ಈ ಮೇಕೆ ಇವರನ್ನು ಎಲ್ಲಿ ಅಂತ ಹುಡುಕೀತು? ನನ್ನ ಲೆಕ್ಕಾಚಾರ ಅದು. ಆ ಕಂಪನಿಯ ಹುಡುಗನಿಗೆ ಫೋನು ಮಾಡಿ, "ಎಷ್ಟು ಬೇಗ ಆಗುತ್ತೋ ಅಷ್ಟು ಬೇಗ ಹೊರಡಿಸಪ್ಪ, ನಿನ್ನ ಕೈ ಮುಗೀತೀನಿ" ಎಂದೆ. ಇಷ್ಟು ದಿನ ಚಿಲಕ ಚಿಲಕ ಎನ್ನುತ್ತಿದ್ದವಳು ಟೆಂಟಾದರೂ ಸರಿ, ಮರದ ಕೆಳಗಾದರೂ ಸರಿ ಎಂದಾಗ ಅವನಿಗೆ ಆಶ್ಚರ್ಯವಾಗಿರಬೇಕು.

ಮೇಕೆ ಊರೆಲ್ಲ ಸುತ್ತಿ ಎಲ್ಲರ ಬೋಗುಣಿಯನ್ನೂ ಮೂಸಿ ಬಂದು ನಮ್ಮ ಬಾಗಿಲೆದುರು ನಿಂತಿತು. ಅಲ್ಲಿ ಮೂಸಲು ಏನೂ ಇರಲಿಲ್ಲ. ಅದು ನಿಂತೇ ಇತ್ತು. ಮಾರನೆಯ ದಿನವೂ ಇತ್ತು. ಇವರು ಕಿಟಕಿಯಿಂದ ನೋಡಿ, "ಬೋಗುಣಿ ಎಲ್ಲೇ?" ಎಂದರು. "ತೂತು ಬಿದ್ದಿದೆ" ಎಂದೆ. ಅವರು ನನ್ನನ್ನೇ ನೋಡಿದರು. ಆಮೇಲೆ ಹೋಗಿ ತಮ್ಮ ಖಾಕಿ ಅಂಗಿಗೆ ಗುಂಡಿ ಹಾಕತೊಡಗಿದರು. ಅವರಿಗೂ ಹೊಳೆ ನೋಡುವ ಆಸೆ ಇತ್ತಲ್ಲ.

ಬೀದಿಯವರು ಕೇಳುವ ಹಾಗಿಲ್ಲ, ಆದರೆ ನೋಡಬಾರದು ಎಂದೇನೂ ಇಲ್ಲವಲ್ಲ. ನಾನು ಹೂವು ಸವರಲು ಹೋದರೆ ಹೆಂಗಸರು ಮಾತು ನಿಲ್ಲಿಸುತ್ತಿದ್ದರು. ಅಂಬುಜಕ್ಕ ಮಾತ್ರ ಒಳಗೆ ಬಂದು ಬಾಗಿಲು ಹಾಕಿ, "ನೀರಿಡೇ ಸುನಂದಾ" ಎಂದರು. "ಇಡಲ್ಲ." "ಅದು ಹೊಟ್ಟೆಗಿಲ್ಲದೆ ಬಾಯಾರಿ ಸತ್ರೆ?" "ಸಾಯ್ಲಿ." "ಥೂ, ಎಂಥ ಮಾತಾಡ್ತೀಯೇ! ಬಂದ ಪ್ರಾಣೀನೇ ಸತ್ತದ್ದು ಈ ಊರಲ್ಲಿ ಯಾರಾದ್ರೂ ಕೇಳಿದಾರಾ?" "ಕೇಳಿಲ್ಲ ತಾನೆ? ಈಗ ಕೇಳ್ತಾರೆ ಬಿಡಿ" ಎಂದೆ. ಅವರು ಸೆರಗಿನಿಂದ ಕಣ್ಣೊರೆಸಿಕೊಂಡು ಹೋದರು. ಅವರಿಗೂ ಒಬ್ಬನೇ ತಮ್ಮ. ಆದರೂ ಅವರ ಬೋಗುಣಿ ದಿನಾ ತುಂಬಿಯೇ ಇರುತ್ತಿತ್ತು.

ನಾಳೆ ಹೊರಡಬೇಕು ಎಂಬ ದಿನ. ಗಂಟುಮೂಟೆ ಕಟ್ಟಿಯಾಗಿತ್ತು. ಬಿಸಿಲೆಂದರೆ ಬಿಸಿಲು. ಮೇಕೆ ಆಗ ನಿಲ್ಲಲಾರದೆ ಮೆಟ್ಟಿಲ ಕೆಳಗೆ ಮಲಗಿಬಿಟ್ಟಿತ್ತು. ನಾನು ಹಿತ್ತಲಲ್ಲಿ ಬಟ್ಟೆ ತೆಗೆಯುತ್ತಿದ್ದೆ. ಕೀರ್ತಿ ಬಂದು ನಿಂತ. ಕೈಯಲ್ಲಿ ಚೊಂಬು, ಅಂಗೈಯಿಂದ ನೀರು ತೊಟ್ಟಿಕ್ಕುತ್ತಿತ್ತು, ಮುಖ ಸುಣ್ಣ. "ಅಮ್ಮಾ, ಕುಡೀತು" ಎಂದ. ನನಗೆ ಅರ್ಥವಾಗಲು ಒಂದು ಗಳಿಗೆ ಬೇಕಾಯಿತು. "ನಾಲಿಗೆ ಹೊರಗೆ ಬಿದ್ದಿತ್ತಮ್ಮ. ಕಣ್ಣು ಹೀಗೆ ಮೇಲೆ ಹೋಗಿತ್ತು. ಬೋಗುಣೀಲಿ ಇಟ್ರೆ ತಾನೆ ಲೆಕ್ಕ, ಕೈಯಲ್ಲಿ ಕೊಟ್ರೆ ಲೆಕ್ಕ ಇಲ್ಲ ಅಂದ್ಕೊಂಡೆ." ನಾನು ಅವನ ಕೆನ್ನೆಗೆ ಬಾರಿಸಿದೆ. ಅವನನ್ನು ಹೆತ್ತ ಮೇಲೆ ಕೈಯೆತ್ತಿದ್ದು ಅದೊಂದೇ ಸಲ. ಅಷ್ಟರಲ್ಲಿ ಹಜಾರದಲ್ಲಿ ಗೊರಸಿನ ಸದ್ದು ಕೇಳಿಸಿತು. ಮೇಕೆ ಹೊಸಲು ದಾಟಿ, ನಮ್ಮ ಚೀಲಗಳ ಪಕ್ಕದಲ್ಲೇ ಹಾಯ್ದು, ಕುರ್ಚಿಯಲ್ಲಿ ಕೂತಿದ್ದ ಇವರ ಕಾಲ ಬಳಿ ಹೋಗಿ ಮಲಗಿತು.

ಇವರು ಬಗ್ಗಿ ಅದರ ಮುಖ ನೋಡಿದರು. "ಮೇಕೆ!" ಎಂದರು. "ಇಷ್ಟು ವರ್ಷ ಸಿಂಹ, ಆನೆ, ಘೇಂಡಾಮೃಗ ಅಂತ ಗಂಟಲು ಹರ್ಕೊಂಡಿದ್ದಕ್ಕೆ ಒಂದು ಮೇಕೆ! ಅದೂ ಮೊಂಡುಕೊಂಬಿಂದು." ಅದರ ಕಿವಿ ಎತ್ತಿ ಕಣ್ಣಲ್ಲಿ ಕಣ್ಣಿಟ್ಟು, "ಪಾಪೆ ಅಡ್ಡಕ್ಕಿದೆ ನೋಡೇ, ಪುಸ್ತಕದಲ್ಲಿ ಬರೆದದ್ದು ನಿಜ" ಎಂದರು. ಸುಪ್ರಭಾ ಗೋಡೆಗೆ ಒರಗಿ ನಿಂತು ಸದ್ದಿಲ್ಲದೆ ಅಳುತ್ತಿದ್ದಳು. ನಾನು ಅಳಲಿಲ್ಲ. ಚೀಲಗಳ ಹಗ್ಗ ಬಿಚ್ಚುತ್ತ ಕೂತೆ. ಸಿಟ್ಟು ಬಂದಿತ್ತು. ಮೇಕೆಯ ಮೇಲೆ, ಮಗನ ಮೇಲೆ, ಊರಿನ ಮೇಲೆ, ಎಲ್ಲದರ ಮೇಲೂ.

ಕೀರ್ತಿ ಅಟ್ಟ ಹತ್ತಿದ. ಕರೆದರೆ ಇಳಿಯಲಿಲ್ಲ, ಏಣಿಯ ಮೇಲೆ ತಟ್ಟೆ ಇಟ್ಟರೆ ಮುಟ್ಟಲಿಲ್ಲ. ಮಾರನೆಯ ಬೆಳಗ್ಗೆ ಇವರು ಗೋಡೆ ಹಿಡಿದುಕೊಂಡು ಹೋಗಿ ಏಣಿಯ ಕೆಳಗೆ ಮಣೆ ಹಾಕಿಕೊಂಡು ಕೂತರು. ಹಿಂದೆಯೇ ಮೇಕೆಯೂ ಹೋಗಿ ಮಲಗಿತು. "ಕೀರ್ತಿ, ನೀನೇನೂ ತಪ್ಪು ಮಾಡಿಲ್ಲ ಮಗಾ" ಎಂದರು. ಮೇಲಿನಿಂದ ಒಡೆದ ಗಂಟಲು ಬಂತು. "ನಾನು ಕೊಡದೇ ಇದ್ದಿದ್ರೆ ನೀವು ಹೊರಟು ಹೋಗ್ತಿದ್ರಿ. ಬದುಕ್ತಿದ್ರಿ." "ಕೊಡದೇ ಇದ್ದಿದ್ರೆ ಮೇಕೇನೂ ಸಾಯ್ತಿತ್ತು, ನಾನೂ ಸಾಯ್ತಿದ್ದೆ." "ಅದು ನಿಮಗೆ ಹೇಗೆ ಗೊತ್ತು?" ಇವರು ಮೇಕೆಯ ಬೆನ್ನು ಸವರಿದರು. "ಗೊತ್ತಿಲ್ಲ" ಎಂದರು ಕೊನೆಗೆ. "ಗೊತ್ತಿಲ್ಲಪ್ಪ. ಪ್ರಾಣಿ ಬರೋದ್ರಿಂದ ನಾವು ಸಾಯ್ತೀವೋ, ನಾವು ಸಾಯ್ತೀವಿ ಅಂತ ಪಾಪ ಅದು ಜೊತೆಗೆ ಬರುತ್ತೋ, ಈ ಊರಲ್ಲಿ ಕೂತ್ಕೊಂಡು ನಾನು ಹೇಗೆ ಹೇಳ್ಲಿ? ಅದಕ್ಕೇ ಹೋಗೋಣ ಅಂದಿದ್ದು."

ಅಟ್ಟದ ಕಡೆ ಮುಖ ಎತ್ತಿ ಮತ್ತೆ ಹೇಳಿದರು. "ನನ್ನ ಮಾತು ನಂಬಬೇಡ. ನೀನೇ ಹೋಗಿ ನೋಡು. ಒಂದೇ ಒಂದು ಪ್ರಾಣಿ ನಿನ್ನ ಹತ್ರ ಬಂದು, ಯಾರಿಗೂ ಏನೂ ಮಾಡದೆ ಹೋದ್ರೆ ನನಗೆ ಫೋನ್ ಮಾಡಿ ಹೇಳು. ಆಗ ನಮ್ಮಿಬ್ಬರಿಗೂ ಗೊತ್ತಾದ ಹಾಗಾಗುತ್ತೆ."

ನಾನು ಅಡಿಗೆಮನೆಯಿಂದ ಕೇಳಿಸಿಕೊಳ್ಳುತ್ತಿದ್ದವಳು ಹೊರಗೆ ಬಂದು ಕೂಗಾಡಿದೆ. "ಇಂಥ ಹೊತ್ತಲ್ಲಿ ಮಕ್ಕಳನ್ನ ಪರದೇಶಕ್ಕೆ ಕಳಿಸ್ತಾರೇನ್ರೀ? ಊರವರು ಏನಂತಾರೆ? ಬಾಯಿಗೆ ನೀರು ಬಿಡೋದಕ್ಕೆ ಮಗ ಬೇಡವಾ?" "ಅವನು ಕೊಟ್ಟ ನೀರೇ ಅವನಿಗೆ ಹೆಚ್ಚಾಗಿದೆ ಕಣೇ" ಎಂದರು ಇವರು. ದನಿ ತಗ್ಗಿಸಿ, "ಇವನು ಹೀಗೇ ಉಳಿದುಬಿಟ್ರೆ ಅಪ್ಪನ್ನ ನಾನೇ ಕೊಂದೆ ಅಂದ್ಕೊಂಡೇ ಮುದುಕ ಆಗ್ತಾನೆ. ನಾನು ಸಾಯೋದು ಇರಲಿ, ಸುನಂದಾ, ಅದು ಆಗಿಹೋಗುವ ಮಾತು. ಇದು ಹಾಗಲ್ಲ" ಎಂದರು. ಕೈ ಹಿಡಿದುಕೊಂಡರು. ಆ ಕೈ ತಣ್ಣಗಿತ್ತು. ಅವರ ಮೇಲೆ ಅಷ್ಟು ಸಿಟ್ಟು ನನಗೆ ಯಾವತ್ತೂ ಬಂದಿರಲಿಲ್ಲ, ಅಷ್ಟು ಪ್ರೀತಿಯೂ. ಆಯಿತು ಎಂದೆ.

ಸುಪ್ರಭಾ ಏಣಿ ಹತ್ತಿ ಹೋಗಿ ತಮ್ಮನ ಹತ್ತಿರ ಏನು ಮಾತಾಡಿದಳೋ, ನನಗೆ ಇಂದಿಗೂ ಹೇಳಿಲ್ಲ. ಇಳಿದು ಬಂದು, "ನಾನು ಕರ್ಕೊಂಡು ಹೋಗ್ತೀನಿ ಅಪ್ಪ. ಆದ್ರೆ ನಮ್ಮ ಫೋನ್ ಬರೋ ತನಕ ನೀವು ಕಾಯ್ಬೇಕು" ಎಂದಳು. "ಕಾಯ್ತೀನಿ" ಎಂದರು ಇವರು. "ಮೇಕೆಗೂ ಹೇಳಿಡ್ತೀನಿ." ಇಬ್ಬರನ್ನೇ ಕಳಿಸುವುದು ಹೇಗೆ ಎಂದು ನಾನು ಯೋಚಿಸುತ್ತಿದ್ದರೆ ಅಂಬುಜಕ್ಕ ಎದುರುಮನೆಯಿಂದ ಚೀಲ ಹಿಡಿದು ಬಂದರು. "ನಾನು ಹೋಗ್ತೀನಿ. ಕಣ್ಣು ಮುಚ್ಕೊಂಡು ಮಕ್ಕಳ ಕೈ ಹಿಡ್ಕೊಂಡು ಕೂತಿದ್ರೆ ಸಾಕು ತಾನೆ? ಅಷ್ಟು ಮಾಡ್ತೀನಿ." ಕಂಪನಿಯ ಹುಡುಗ ಗೊಣಗಿಕೊಂಡೇ ಹೆಸರು ಬದಲಾಯಿಸಿ ಕೊಟ್ಟ. ಹೊರಡುವಾಗ ಅಂಬುಜಕ್ಕ ತಮ್ಮನ ಗಲ್ಲ ಸವರಿದರು, ಚಿಕ್ಕಂದಿನಲ್ಲಿ ಸ್ಕೂಲಿಗೆ ಕಳಿಸುವಾಗ ಸವರುತ್ತಿದ್ದರೇನೋ. ಕೀರ್ತಿ ಮೇಕೆಯ ಕಡೆ ನೋಡದೆ ಅಪ್ಪನ ಕಾಲು ಮುಟ್ಟಿದ. "ಮುಂದಿನ ಸೀಟಿನಲ್ಲಿ ಕೂತ್ಕೋ" ಎಂದು ಇವರು ಅವನ ತಲೆ ಮೇಲೆ ಕೈಯಿಟ್ಟರು.

ಆಮೇಲೆ ಮನೆಯಲ್ಲಿ ನಾನು, ಇವರು, ಮೇಕೆ. ದಿನಾ ಅದಕ್ಕೆ ಹೀರೆ ಬಳ್ಳಿಯ ಎಲೆ ತಂದು ಹಾಕುತ್ತಿದ್ದೆ. ಮೊದಲೆರಡು ದಿನ ದೂರದಿಂದ ಎಸೆದೆ, ಆಮೇಲೆ ಬಾಯಿಗೇ ಕೊಟ್ಟೆ. ಇವರು ಮಂಚ ಬಿಟ್ಟು ಏಳುತ್ತಿರಲಿಲ್ಲ. ಗಂಜಿ ಎರಡು ಚಮಚ ಇಳಿದರೆ ಹೆಚ್ಚು. ಫೋನಿನ ಸದ್ದಾದರೆ ಮಾತ್ರ ಕಣ್ಣು ಬಿಡುವರು. ಮೊದಲ ದಿನ ಸುಪ್ರಭಾ ಮಾತಾಡಿದಳು. ಜಿರಾಫೆ ಕಂಡಿತಂತೆ, ಅಪ್ಪ ನಿಲ್ಲುವ ಹಾಗೆಯೇ ಕಾಲು ಅಗಲಿಸಿ ನೀರು ಕುಡಿಯಿತಂತೆ. "ಕೀರ್ತಿ?" ಎಂದು ಇವರು ಕೇಳಿದರು. "ಅವನು ಕಣ್ಣೇ ಬಿಡ್ತಿಲ್ಲ ಅಪ್ಪ. ಮಂಡಿ ಮೇಲೆ ತಲೆ ಇಟ್ಕೊಂಡು ಕೂತಿರ್ತಾನೆ. ಅತ್ತೇನೇ ಬಾಯಿ ಬಿಟ್ಕೊಂಡು ನೋಡ್ತಿದಾರೆ, ಜೀಪ್ ತಿರುಗಿಸಿದ್ರೆ ಡ್ರೈವರ್‌ಗೆ ಬೈತಾರೆ." ಇವರು ನಕ್ಕರು. ನಕ್ಕು ಕೆಮ್ಮಿದರು.

ಆಮೇಲಿನ ದಿನ ಆನೆಗಳು. ಅದರ ಮಾರನೆ ದಿನ ಹೊಳೆ, ಧೂಳು, ಲೆಕ್ಕವಿಲ್ಲದಷ್ಟು ವೈಲ್ಡ್‌ಬೀಸ್ಟ್. ಸುಪ್ರಭಾ ಫೋನನ್ನು ಹೊರಗೆ ಹಿಡಿದಳು. ಗುಡುಗಿನ ಹಾಗೆ ಗೊರಸಿನ ಸದ್ದು ಬಂತು. ಇವರ ಕಣ್ಣಿಂದ ನೀರು ಇಳಿದು ದಿಂಬು ಒದ್ದೆಯಾಯಿತು. ಅದು ಮುಗಿದ ಮೇಲೂ ಅದೇ ಪ್ರಶ್ನೆ. "ಕೀರ್ತಿ?" "ಇಲ್ಲ ಅಪ್ಪ" ಎಂದಳು. ಅವತ್ತು ಇವರು ಗಂಜಿಯನ್ನೂ ಬೇಡವೆಂದರು. ಮೇಕೆ ನೆಲ ಬಿಟ್ಟು ಮಂಚದ ಮೇಲೆ ಮುಂಗಾಲಿಟ್ಟು ನಿಲ್ಲತೊಡಗಿತು. "ಇನ್ನೊಂದು ಸ್ವಲ್ಪ ತಾಳು ಮಾರಾಯ್ತಿ" ಎಂದು ಇವರು ಅದಕ್ಕೆ ಹೇಳಿದ್ದು ಕೇಳಿಸಿತು. ನಾನೂ ಅದರ ಕೊರಳು ತಬ್ಬಿ ಅದನ್ನೇ ಬೇಡಿಕೊಂಡೆ. ಸಾಯಲಿ ಎಂದವಳು ನಾನೇ.

ಅವರ ಪ್ರವಾಸದ ಕೊನೆಯ ದಿನ ಮಧ್ಯಾಹ್ನ ಫೋನು ಬಂತು. ಇವರ ಉಸಿರು ಬೆಳಗಿನಿಂದಲೂ ನಿಂತು ನಿಂತು ಬರುತ್ತಿತ್ತು. ಕಣ್ಣು ಮುಚ್ಚಿತ್ತು. "ಅಮ್ಮಾ! ಅಮ್ಮಾ, ಅಪ್ಪಂಗೆ ಕೊಡು!" ಒಡೆದ ಗಂಟಲು, ಅರ್ಧ ಗಂಡಸು ಅರ್ಧ ಹುಡುಗ. ಮೇಕೆಯ ಕಡೆ ನೋಡದೆ ಹೋದ ಮಗ ಅವನಲ್ಲ, ಹಜಾರದಲ್ಲಿ ಅಕ್ಕನ ಜಡೆ ಎಳೆಯುತ್ತಿದ್ದವನು. ನಾನು ಇವರ ತಲೆಯನ್ನು ನನ್ನ ತೊಡೆಯ ಮೇಲೆ ತೆಗೆದುಕೊಂಡು ಫೋನಿನ ಸದ್ದು ಜೋರು ಮಾಡಿ ಕಿವಿಯ ಹತ್ತಿರ ಹಿಡಿದೆ. "ಹೇಳು ಕಂದಾ, ಕೇಳಿಸ್ಕೋತಿದಾರೆ" ಎಂದೆ. ಇವರ ರೆಪ್ಪೆ ಅಲುಗಿತು. ನನ್ನ ಬೆರಳನ್ನು ಹಿಡಿದುಕೊಂಡರು.

"ಅಪ್ಪ, ಸಿಂಹಿಣಿ ಬಂತು. ನಾನು ಕಣ್ಣು ಮುಚ್ಕೊಂಡಿದ್ದೆ. ಏನೋ ವಾಸನೆ ಬಂತು ಅಂತ ಬಿಟ್ಟೆ. ಇಲ್ಲೇ ಇತ್ತು, ಚಕ್ರದ ಪಕ್ಕ. ಡ್ರೈವರು ಅಲ್ಲಾಡಬೇಡಿ ಅಂದ. ನಾನು ಎದ್ದು ನಿಲ್ಲಲಿಲ್ಲ ಅಪ್ಪ, ಕಿರುಚಲಿಲ್ಲ, ಉಸಿರು ಸಾವಕಾಶ ಬಿಟ್ಟೆ. ಅದು ಬಂದು ಜೀಪಿನ ನೆರಳಲ್ಲಿ ಮಲ್ಕೊಂಡ್ಬಿಡ್ತು. ನನ್ನ ಕಾಲ ಕೆಳಗೇ! ಕಾಲ ಹತ್ರ ಮಲ್ಕೊಂಡ್ರೆ ಗೊತ್ತಲ್ಲ, ನಾನು ನನಗೇ ಬಂತು ಅಂದ್ಕೊಂಡೆ. ಅಕ್ಕ ಅಳ್ತಿದ್ಲು. ಅತ್ತೆ ನನ್ನ ಕೈ ಎಷ್ಟು ಗಟ್ಟಿ ಹಿಡಿದಿದ್ರು ಅಂದ್ರೆ ಇನ್ನೂ ಗುರುತಿದೆ."

ಇಲ್ಲಿಯ ತನಕ ಬೆರಳು ನನ್ನ ಬೆರಳನ್ನು ಹಿಡಿದಿತ್ತು. ಅದು ನನಗೆ ಖಂಡಿತ ಗೊತ್ತು. ಆಮೇಲೆ ಮೇಕೆ ಮಂಚದಿಂದ ಕಾಲು ಇಳಿಸಿತು. ಒಮ್ಮೆ ಮೈ ಕೊಡವಿ, ತಿರುಗಿ, ಹಜಾರ ದಾಟಿ, ಬಾಗಿಲಾಚೆ ಬಿಸಿಲಿಗೆ ಇಳಿದು ನಡೆಯಿತು. ನಾನು ಅದನ್ನು ನೋಡಿದೆ. ತೊಡೆಯ ಮೇಲಿನ ತಲೆ ಒಮ್ಮೆಗೇ ಭಾರವಾಯಿತು. ಕಿರುಚಬೇಕು ಎನ್ನಿಸಿತು. ಬಾಯಿಗೆ ಸೆರಗು ತುರುಕಿಕೊಂಡೆ.

"ಅಮ್ಮಾ? ಅಪ್ಪ ಕೇಳಿಸ್ಕೋತಿದಾರಾ?"

ಸೆರಗು ತೆಗೆದೆ. "ಹೂಂ ಕಣೋ. ಮಲ್ಕೊಂಡಿತ್ತು, ಆಮೇಲೆ?"

"ಆಮೇಲೆ ಎದ್ದು ಆಕಳಿಸ್ತು, ಅಪ್ಪ ತೋರಿಸ್ತಿದ್ರಲ್ಲ ಹಾಗೇ! ನನ್ನ ಕಡೆ ನೋಡಿತು. ನೋಡಿ ಹೊರಟು ಹೋಯ್ತಮ್ಮ. ಯಾರಿಗೂ ಬಂದಿರ್ಲಿಲ್ಲ. ಅದಕ್ಕೆ ನೆರಳು ಬೇಕಿತ್ತು ಅಷ್ಟೆ. ನಾವೆಲ್ಲಾ ಹಾಗೇ ಇದೀವಿ, ಮೂರೂ ಜನ." ಅವನು ನಗುತ್ತಿದ್ದ, ಅಳುತ್ತಲೂ ಇದ್ದ. ಹಿಂದುಗಡೆ ಅಂಬುಜಕ್ಕ ಯಾರಿಗೋ ಏನೋ ಜೋರಾಗಿ ಹೇಳುತ್ತಿದ್ದರು. "ಅಪ್ಪ ಏನಂದ್ರು ಅಮ್ಮ? ಏನಂದ್ರು?"

ನಾನು ಇವರ ಮುಖ ನೋಡಿದೆ. ಫೋನನ್ನು ಇನ್ನಷ್ಟು ಹತ್ತಿರ ಸರಿಸಿ ಅವರ ಕಿವಿಗೇ ಒತ್ತಿ ಹಿಡಿದೆ.

"ಇನ್ನೊಂದು ಸಲ ಹೇಳ್ಬೇಕಂತೆ ಕಣೋ" ಎಂದೆ. "ಮೊದಲಿಂದ."

ಕೀರ್ತಿ ಮೂಗೊರೆಸಿಕೊಂಡು ಮೊದಲಿನಿಂದ ಶುರು ಮಾಡಿದ.